ರೂಪಾಯಿ ಇಳಿದದ್ದು ಶೇಕಡಾ ಎಷ್ಟು?

ಸಂಬಳದ ದಿನ ದುಬೈಯ ಕರಾಮಾದಲ್ಲಿ ಹಣ ಕಳಿಸುವ ಅಂಗಡಿಯ ಸಾಲಿನಲ್ಲಿ ನಿಂತರೆ, ಕನ್ನಡ, ತುಳು, ಮಲಯಾಳ ಎಲ್ಲದರಲ್ಲೂ ಒಂದೇ ಪ್ರಶ್ನೆ: ಇವತ್ತು ರೇಟ್ ಎಷ್ಟು? ಒಂದು ದಿರ್ಹಮಿಗೆ ಎಷ್ಟು ರೂಪಾಯಿ ಎಂಬುದೇ ನಮ್ಮ ಬದುಕಿನ ಅನುಪಾತ. ಆದರೆ ಈ ಪ್ರಶ್ನೆಯೇ ಹುಟ್ಟದ ಕಾಲವೊಂದಿತ್ತು. ಆಗ ದುಬೈ, ಅಬುಧಾಬಿಗಳಲ್ಲಿ ನಡೆಯುತ್ತಿದ್ದುದೇ ನಮ್ಮ ರೂಪಾಯಿ.

ಆ ನೋಟುಗಳಿಂದ ಚಿನ್ನ ಕೊಂಡು ಭಾರತಕ್ಕೆ ಕದ್ದು ಸಾಗಿಸುವುದು ಹೆಚ್ಚಾಯಿತು. ಇಲ್ಲಿ ಸೇರಿದ ನೋಟು ಮರಳಿ ಬಂದಾಗ ಭಾರತ ಸ್ಟರ್ಲಿಂಗ್ ತೆರಬೇಕಿತ್ತು. ಅದನ್ನು ತಡೆಯಲು 1959ರಲ್ಲಿ ರಿಸರ್ವ್ ಬ್ಯಾಂಕ್ ಕೊಲ್ಲಿಗೆಂದೇ ಬೇರೆ ಬಣ್ಣದ ನೋಟು ಹೊರಡಿಸಿತು. ಬೆಲೆ ಮಾತ್ರ ಒಂದಕ್ಕೊಂದು.

1966ರ ಜೂನ್ 6ರಂದು ರೂಪಾಯಿ ಅಪಮೌಲ್ಯವಾಯಿತು. ಡಾಲರಿಗೆ 4.762 ರೂಪಾಯಿ ಇದ್ದದ್ದು 7.50 ಆಯಿತು. ಸಿಎ ಓದುವಾಗ ಇದನ್ನು ಒಂದು ಕಡೆ ಶೇಕಡಾ 36.5, ಇನ್ನೊಂದು ಕಡೆ 57.5 ಎಂದು ಕಂಡು, ಒಂದು ಅಚ್ಚಿನ ತಪ್ಪೆಂದು ಪೆನ್ಸಿಲಿನಿಂದ ಹೊಡೆದುಹಾಕಿದ್ದೆ. ತಪ್ಪು ನನ್ನದೇ. 7.50ನ್ನು 4.762ರಿಂದ ಭಾಗಿಸಿದರೆ 1.575, ಡಾಲರು ಶೇಕಡಾ 57.5 ಏರಿತು. 4.762ನ್ನು 7.50ರಿಂದ ಭಾಗಿಸಿದರೆ 0.635, ರೂಪಾಯಿ ಶೇಕಡಾ 36.5 ಇಳಿಯಿತು. ಸಂಖ್ಯೆಗಳು ಅವೇ ಎರಡು. ಯಾವುದನ್ನು ಕೆಳಗಿಟ್ಟೆವು ಎಂಬುದರ ಮೇಲೆ ಉತ್ತರ.

ಕೊಲ್ಲಿಯ ರೂಪಾಯಿಯೂ ಜೊತೆಗೇ ಇಳಿಯಿತು. ದೆಹಲಿಯ ತೀರ್ಮಾನಕ್ಕೆ ಇಲ್ಲಿನ ವ್ಯಾಪಾರಿಯ ಪೆಟ್ಟಿಗೆ ಏಕೆ ಕರಗಬೇಕು? ಅದೇ ವರ್ಷ ಅಬುಧಾಬಿ ಬಹರೈನಿನ ದಿನಾರಿಗೆ ಹೊರಳಿತು. ದುಬೈ ಕತಾರಿನೊಡನೆ ಸೇರಿ ರಿಯಾಲ್ ತಂದಿತು. ದಿನಾರ್ ಹಳೆಯ 10 ರೂಪಾಯಿಗೆ ಸಮ, ರಿಯಾಲ್ ಹಳೆಯ 1 ರೂಪಾಯಿಗೆ ಸಮ. 1973ರ ಮೇ 19ರಂದು ದಿರ್ಹಮ್ ಬಂದಾಗ ಒಂದು ರಿಯಾಲಿಗೆ ಒಂದು, ಒಂದು ದಿನಾರಿಗೆ ಹತ್ತು ದಿರ್ಹಮ್. ಈ ಸರಪಳಿ ಹಿಡಿದು ಹಿಂದೆ ಹೋದರೆ, ದಿರ್ಹಮಿನ ಬೇರು ಅಪಮೌಲ್ಯಕ್ಕೆ ಮುಂಚಿನ ನಮ್ಮ ರೂಪಾಯಿಯಲ್ಲೇ ಇದೆ. ಒಂದಕ್ಕೊಂದಿದ್ದ ಆ ಅನುಪಾತ ಈಗ ಒಂದಕ್ಕೆ ಇಪ್ಪತ್ತನ್ನು ದಾಟಿದೆ.

ದರ 20ರಿಂದ 25ಕ್ಕೆ ಏರಿತೆನ್ನಿ. ಊರಿಗೆ ಕಳಿಸುವ ನನಗೆ ಶೇಕಡಾ 25 ಹೆಚ್ಚು. ಮೊಮ್ಮಗಳಿಗೆ ಬಳೆ ಕೊಳ್ಳಲು ಪಿಂಚಣಿಯ 10,000 ರೂಪಾಯಿ ತರುವ ಅಮ್ಮನಿಗೆ 500 ದಿರ್ಹಮಿನ ಬದಲು 400. ಶೇಕಡಾ 20 ಕಡಿಮೆ. ಸಾಲಿನಲ್ಲಿ ನಿಂತು ರೇಟ್ ಏರಿತೆಂದು ಖುಷಿಪಡುವಾಗ, ಈಗ ನಾನು ಅಮ್ಮನ ಕಡೆಯಿಂದಲೂ ಒಮ್ಮೆ ಭಾಗಿಸಿ ನೋಡುತ್ತೇನೆ.