ರಿಂಗ್ ಎಸೆತ (ಜಾತ್ರೆಯ ಆಟ)

ರಿಂಗ್ ಎಸೆತವು ಜಾತ್ರೆ, ವಸ್ತುಪ್ರದರ್ಶನಗಳಲ್ಲಿ ಹಣ ಪಡೆದು ಆಡಿಸುವ ಗುರಿಯಾಟ. ಬಹುಮಾನವನ್ನು ಮರದ ತುಂಡಿನ ಮೇಲೆ ಇಟ್ಟಿರುತ್ತಾರೆ. ದೂರದಿಂದ ಎಸೆದ ರಿಂಗ್ ಆ ತುಂಡನ್ನೂ ಸುತ್ತುವರಿದು ಕೆಳಗಿಳಿದರೆ ಬಹುಮಾನ ಆಟಗಾರನದು.

ನಿಯಮವನ್ನು ಯಾರಿಗೂ ವಿವರಿಸಬೇಕಾಗಿಲ್ಲದಿರುವುದೇ ಈ ಆಟದ ಆಕರ್ಷಣೆ. ಸೋಪು, ಬಿಸ್ಕತ್ತುಗಳನ್ನು ಹತ್ತಿರದಲ್ಲಿಯೂ ಗಡಿಯಾರದಂಥವನ್ನು ದೂರದಲ್ಲಿಯೂ ಜೋಡಿಸುತ್ತಾರೆ. ಆಗಾಗ ಯಾರಾದರೂ ಗೆಲ್ಲುವುದು ವ್ಯಾಪಾರಕ್ಕೂ ಅಗತ್ಯ. ಗೆದ್ದವರ ಕೈಯಲ್ಲಿನ ಸೋಪನ್ನು ಕಂಡೇ ಉಳಿದವರು ಬರುತ್ತಾರೆ.

ಲಾಭ ಮತ್ತು ಅಳತೆ

ಒಂದು ಎಸೆತಕ್ಕೆ 10 ರೂಪಾಯಿ, ಬಹುಮಾನದ ಬೆಲೆ 60 ರೂಪಾಯಿ ಎಂದಿಟ್ಟುಕೊಂಡರೆ, 100 ಎಸೆತಗಳಿಂದ 1,000 ರೂಪಾಯಿ ಬರುತ್ತದೆ. ಅವುಗಳಲ್ಲಿ 5 ಗೆದ್ದರೆ 700 ರೂಪಾಯಿ ಉಳಿಯುತ್ತದೆ. ನೆಲಬಾಡಿಗೆ, ಕೂಲಿ, ಸಾಗಣೆ ಎಲ್ಲವೂ ಇದರಲ್ಲೇ ಆಗಬೇಕು. 17 ಗೆದ್ದರೆ ಕೈಯಿಂದಲೇ ಹೋಗುತ್ತದೆ.

ಗೆಲುವಿನ ಪ್ರಮಾಣವನ್ನು ಬಹುಮಟ್ಟಿಗೆ ನಿರ್ಧರಿಸುವುದು ರಿಂಗಿನ ಒಳವ್ಯಾಸ. ಮರದ ತುಂಡು 10 ಸೆಂ.ಮೀ. ಬದಿಯ ಚೌಕವಾಗಿದ್ದರೆ ಅದರ ಕರ್ಣ 14 ಸೆಂ.ಮೀ.ಗಿಂತ ತುಸು ಹೆಚ್ಚು (ಪೈಥಾಗೊರಸನ ಪ್ರಮೇಯ ಜಾತ್ರೆಯಲ್ಲಿಯೂ ಉಪಯೋಗಕ್ಕೆ ಬರುತ್ತದೆ). 15 ಸೆಂ.ಮೀ. ರಿಂಗ್ ಸಮತಟ್ಟಾಗಿ ಬಿದ್ದರೆ ಮಾತ್ರ ಇಳಿಯುತ್ತದೆ. ಇದು ಕಠಿಣವಾದರೂ ನ್ಯಾಯವಾದ ಆಟ. 12 ಸೆಂ.ಮೀ. ರಿಂಗ್ ನೋಟಕ್ಕೆ ದೊಡ್ಡದೆನಿಸಿದರೂ ಎಂದಿಗೂ ಇಳಿಯದು, ಇದು ಮೋಸ. ಹಣ ಕೊಡುವ ಮುನ್ನ ರಿಂಗನ್ನು ಕೈಯಿಂದಲೇ ತೊಡಿಸಿ ತೋರಿಸುವಂತೆ ಕೇಳಿದರೆ ಎರಡರ ವ್ಯತ್ಯಾಸ ತಿಳಿಯುತ್ತದೆ.