ಉಚ್ಚಂಗಿಯು ಹಿಡಿಯಲ್ಪಟ್ಟ ಬಗೆ

ಹರಪನಹಳ್ಳಿಯ ಸೀಮೆಯಲ್ಲಿರುವ ಉಚ್ಚಂಗಿದುರ್ಗವನ್ನು ಕಂಡವರಿಗೆ, ಆ ಬಂಡೆಗಲ್ಲಿನ ಬೆಟ್ಟವನ್ನೇರಿ ಕೋಟೆಯನ್ನು ಕೊಳ್ಳುವುದು ಹುಡುಗಾಟವಲ್ಲವೆಂದು ಬೇರೆ ಹೇಳಬೇಕಾದುದಿಲ್ಲ. ನೊಳಂಬವಾಡಿಯನ್ನಾಳಿದ ಪಾಂಡ್ಯರಿಗೆ ಇದೇ ರಾಜಧಾನಿ. ಚೋಳನು ಹನ್ನೆರಡು ವರ್ಷ ಮುತ್ತಿ, ಕೈಗೂಡದೆಂದು ಬಿಟ್ಟುಹೋದ ದುರ್ಗವನ್ನು ವೀರಬಲ್ಲಾಳನು ಅನಾಯಾಸವಾಗಿ ಹಿಡಿದನೆಂದು ಹೊಯ್ಸಳ ಶಾಸನವು ಹೊಗಳುತ್ತದೆ. ಇದು ನಡೆದುದು ಕ್ರಿ. ಶ. 1177ರ ಸುಮಾರಿನಲ್ಲಿ. ಗಿರಿದುರ್ಗಮಲ್ಲ, ಶನಿವಾರಸಿದ್ಧಿ ಎಂಬ ಅವನ ಬಿರುದುಗಳು ಈ ಗೆಲವಿನವೆಂದು ಚರಿತ್ರಕಾರರು ಹೇಳುವರು.

ಈ ಸಂಗತಿಯನ್ನು ಇಂಗ್ಲಿಷಿನಲ್ಲಿ ಬರೆಯಹೊರಟ ವಿದ್ಯಾರ್ಥಿಯು ಸಾಮಾನ್ಯವಾಗಿ ಕರ್ಮಣಿಪ್ರಯೋಗವನ್ನೇ ಹಿಡಿಯುವನು: ದುರ್ಗವು ಚೋಳನಿಗಿಂತ ಬಲ್ಲಾಳನಿಂದ 'ವಾಸ್ ಮೋರ್ ಈಸಿಲಿ ಟೇಕನ್.' ವ್ಯಾಕರಣದ ದೃಷ್ಟಿಯಿಂದ ತಪ್ಪಿಲ್ಲ. ತಾರತಮ್ಯವನ್ನು ಸೂಚಿಸುವ ಕ್ರಿಯಾವಿಶೇಷಣವು ಸಹಾಯಕ್ರಿಯೆಗೂ ಕೃದಂತಕ್ಕೂ ನಡುವೆ ನಿಲ್ಲಬಹುದು, ಕೃದಂತದ ಹಿಂದೆಯೂ ಬರಬಹುದು. ಕೆಲವೆಡೆ ಸ್ಥಾನದೊಡನೆ ಅರ್ಥವೂ ತುಸು ಜರುಗುತ್ತದೆ. 'ಬೆಟರ್ ಡಿಫೆಂಡೆಡ್' ಎಂದರೆ ಕೋಟೆಯ ಭದ್ರಸ್ಥಿತಿಯು ಮನಸ್ಸಿಗೆ ಬರುವುದು. 'ಡಿಫೆಂಡೆಡ್ ಬೆಟರ್' ಎಂದರೆ ಕಾದವರ ಕಾರ್ಯವು.

ತೊಡಕಿರುವುದು ಚರಿತ್ರೆಯಲ್ಲಿ. 'ಚೋಳನಿಗಿಂತ ಸುಲಭವಾಗಿ' ಎಂದೊಡನೆ, ಚೋಳನೂ ಕಷ್ಟದಿಂದಾದರೂ ದುರ್ಗವನ್ನು ಹಿಡಿದಿದ್ದನೆಂದು ಕೇಳುವವನು ತಿಳಿಯುವನು. ಹೋಲಿಕೆಯು ಒಂದೇ ಕ್ರಿಯೆಯನ್ನು ಇಬ್ಬರಿಗೂ ಹಂಚಿಬಿಡುವುದು. ಶಾಸನವು ಹೇಳುವುದಾದರೂ ಬೇರೆಯೇ: ಒಬ್ಬನು ಮುತ್ತಿದನು, ಬಿಟ್ಟನು, ಇನ್ನೊಬ್ಬನು ಹಿಡಿದನು. ಕ್ರಿಯೆಗಳೇ ಬೇರೆ, ಅವುಗಳಲ್ಲಿ ಹೆಚ್ಚು ಕಡಿಮೆ ಎಣಿಸುವುದಕ್ಕೆ ಎಡೆಯಿಲ್ಲ. ಈ ದೋಷವು ಕರ್ಮಣಿಯದಲ್ಲ. ಕರ್ತರಿಯಲ್ಲಿ ಬರೆದರೂ ಉಳಿಯುವುದು. ಆದರೆ ಕರ್ಮಣಿಯಲ್ಲಿ ಕರ್ತೃವು ವಾಕ್ಯದ ಬಾಲಕ್ಕೆ ಸರಿದು, ಒಮ್ಮೊಮ್ಮೆ ಬಿಟ್ಟೇಹೋಗುವುದರಿಂದ, ದೋಷವು ಕಣ್ಣಿಗೆ ಬೀಳುವುದಿಲ್ಲ.

ಆ ವಾಕ್ಯವನ್ನೇ ಕನ್ನಡಕ್ಕೆ ತಿರುಗಿಸಿದರೆ 'ಹೆಚ್ಚು ಸುಲಭವಾಗಿ ಹಿಡಿಯಲ್ಪಟ್ಟಿತು' ಎಂದಾಗುವುದು. ದ್ರಾವಿಡ ಭಾಷೆಗಳಲ್ಲಿ ನಿಜವಾದ ಕರ್ಮಣಿಪ್ರಯೋಗವಿಲ್ಲವೆಂದು ಕಾಲ್ಡ್‌ವೆಲ್ ಪಂಡಿತರು 1856ರಲ್ಲಿಯೇ ಬರೆದರು. ಹಳಗನ್ನಡಕ್ಕೆ 'ಪಡು' ಅಪರಿಚಿತವಲ್ಲ. ಆದರೆ ಆ ಧಾತುವಿಗೆ ಅನುಭವಿಸುವುದೆಂದು ಅರ್ಥ. ನಾವು ಕಷ್ಟಪಡುವೆವು, ಸಂತೋಷಪಡುವೆವು. ಕಲ್ಲಿನ ಕೋಟೆ ಏನನ್ನು ಪಟ್ಟೀತು! ಜನರ ಬಾಯಲ್ಲಿ 'ಕೋಟೆ ಬಿತ್ತು', 'ಕೋಟೆ ಕೈಸೇರಿತು' ಎಂದರೆ ಮುಗಿಯಿತು. ವಿಷ್ಣುವರ್ಧನನ 'ತಲಕಾಡುಗೊಂಡ' ಎಂಬ ಬಿರುದಿನಲ್ಲಿ ಕೊಂಡವನೇ ಎದುರಿಗೆ ನಿಂತಿರುವನು.

ಇಂಗ್ಲಿಷಿಗೆ ಕರ್ಮಣಿಯು ಒಗ್ಗಿದ ಉಡುಗೆ, ಅದನ್ನು ನಾವು ಹಳಿಯುವುದಿಲ್ಲ. ಚರಿತ್ರೆಯ ಪಾಠಪುಸ್ತಕಗಳಲ್ಲಿ ಮಾತ್ರ ಅದರ ನೆರಳಾಗಿ ರಾಜ್ಯಗಳು ಸ್ಥಾಪಿಸಲ್ಪಡುತ್ತವೆ, ಕಂದಾಯವು ವಿಧಿಸಲ್ಪಡುತ್ತದೆ. ವಿಧಿಸಿದವನಾರೆಂದು ಮಕ್ಕಳು ಕೇಳುವುದನ್ನೇ ಮರೆಯುವರು.

ಬಲ್ಲಾಳನಿಗೆ ಅನಾಯಾಸವಾಗಿ ಕಂಡುದು ದುರ್ಗದೊಳಗಿದ್ದವರಿಗೆ ಹೇಗಿತ್ತೆಂಬುದನ್ನು ಗೆದ್ದವನ ಶಾಸನವು ಹೇಳಹೋಗುವುದಿಲ್ಲ. ಮರೆಹೊಕ್ಕ ಪಾಂಡ್ಯನಿಗೆ ರಾಜ್ಯವು ಮರಳಿಸಲ್ಪಟ್ಟಿತೆಂದು ಬರೆದರೆ ಅದೊಂದು ಕಾಗದಪತ್ರದ ವ್ಯವಹಾರದಂತೆ ತೋರುವುದು. ಬಲ್ಲಾಳನು ಅದನ್ನು ಅವನಿಗೇ ಹಿಂದಕ್ಕೆ ಕೊಟ್ಟನು.