ಸ್ನಾತಕೋತ್ತರ ಪ್ರವೇಶ ಪರೀಕ್ಷೆಯ ಅಂಕಗಳು: ಕೊಪ್ಪ, ಶೃಂಗೇರಿ, ನರಸಿಂಹರಾಜಪುರ

ಚಿಕ್ಕಮಗಳೂರು ಜಿಲ್ಲೆಯ ಈ ಮೂರು ಮಲೆನಾಡ ತಾಲ್ಲೂಕುಗಳಿಗೆ ದೇಶಮಟ್ಟದ ಸ್ನಾತಕೋತ್ತರ ಪ್ರವೇಶ ಪರೀಕ್ಷೆ ಬಂದದ್ದು ತೀರ ಈಚೆಗೆ. ಶೃಂಗೇರಿಯ ಶಾಸ್ತ್ರಪರಂಪರೆಯಲ್ಲಿ ವಿದ್ಯಾರ್ಥಿಯ ಯೋಗ್ಯತೆ ತಿಳಿಯುತ್ತಿದ್ದುದು ವಾಕ್ಯಾರ್ಥದಲ್ಲಿ, ಅಂದರೆ ಶಾಸ್ತ್ರಚರ್ಚೆಯಲ್ಲಿ. ವಿದ್ವಾಂಸರೆದುರು ಪೂರ್ವಪಕ್ಷಕ್ಕೆ, ಎಂದರೆ ಎದುರುವಾದಕ್ಕೆ, ಸಮಾಧಾನ ಹೇಳಬೇಕಿತ್ತು. ಎಲ್ಲಿ ತಡವರಿಸಿದನೆಂಬುದು ಸಭೆಗೆ ಅಲ್ಲೇ ಗೊತ್ತಾಗುತ್ತಿತ್ತು. ಅದೇ ಶಾಸ್ತ್ರಗಳನ್ನು ಕಲಿಸುವ, ಶೃಂಗೇರಿಯ ಮೆಣಸೆಯಲ್ಲಿ 1992ರಲ್ಲಿ ಆರಂಭವಾದ ರಾಜೀವ್ ಗಾಂಧಿ ಪರಿಸರವು (ಕ್ಯಾಂಪಸ್) 2020ರಲ್ಲಿ ಕೇಂದ್ರೀಯ ಸಂಸ್ಕೃತ ವಿಶ್ವವಿದ್ಯಾಲಯದ ಅಂಗವಾಯಿತು. ಕೇಂದ್ರೀಯ ವಿಶ್ವವಿದ್ಯಾಲಯಗಳ ಸ್ನಾತಕೋತ್ತರ ಪ್ರವೇಶಕ್ಕೆಂದು 2022ರಲ್ಲಿ ಶುರುವಾದ ಸಿಯುಇಟಿ-ಪಿಜಿ ಪರೀಕ್ಷೆಯಲ್ಲಿ ಸ್ನಾತಕೋತ್ತರ ಆಚಾರ್ಯ ಪದವಿಯ ಶಾಸ್ತ್ರವಿಷಯಗಳಿಗೂ ಪ್ರಶ್ನೆಪತ್ರಿಕೆಗಳು ಬಂದವು.

ಕೊಪ್ಪದಲ್ಲಿ ಆರೂರು ಲಕ್ಷ್ಮೀನಾರಾಯಣ ರಾವ್ ಸ್ಮಾರಕ ಆಯುರ್ವೇದ ವೈದ್ಯಕೀಯ ಕಾಲೇಜಿದೆ. ಆಯುರ್ವೇದ ಎಂ.ಡಿ. ಸೇರಲು 2017ರಿಂದ ಅಖಿಲ ಭಾರತ ಆಯುಷ್ ಸ್ನಾತಕೋತ್ತರ ಪ್ರವೇಶ ಪರೀಕ್ಷೆ (ಎಐಎಪಿಜಿಇಟಿ) ಬರೆಯಬೇಕು. 2019ರಿಂದ ಅದನ್ನು ನಡೆಸಿದ್ದು ರಾಷ್ಟ್ರೀಯ ಪರೀಕ್ಷಾ ಸಂಸ್ಥೆ. ಸರಿಯುತ್ತರಕ್ಕೆ ನಾಲ್ಕು ಅಂಕ, ತಪ್ಪಿಗೆ ಒಂದು ಅಂಕ ಕಡಿತ. ನೂರು ಪ್ರಶ್ನೆಗಳಲ್ಲಿ 60 ಸರಿ, 40 ತಪ್ಪು ಆದರೆ ಸಿಗುವುದು 200. ಆ 40ನ್ನು ಮುಟ್ಟದೆ ಬಿಟ್ಟಿದ್ದರೆ 240. ಎಂಬಿಎ, ಎಂಸಿಎಗೆಂದು ನರಸಿಂಹರಾಜಪುರದ ಪದವೀಧರರು ಬರೆಯುವ ರಾಜ್ಯದ ಪಿಜಿಸಿಇಟಿಯಲ್ಲಿ ಈ ಕಡಿತವಿಲ್ಲ, ಹಾಗಾಗಿ ಅಲ್ಲಿ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು.

ವಿದ್ಯಾರ್ಥಿಗಳ ಮನೆಮಂದಿಯನ್ನು ಹೆಚ್ಚು ಗಾಬರಿಗೊಳಿಸುವುದು ಪರ್ಸೆಂಟೈಲ್. ಅದು ಶೇಕಡಾವಾರು ಅಂಕವಲ್ಲ. 50ನೇ ಪರ್ಸೆಂಟೈಲ್ ಎಂದರೆ ಪರೀಕ್ಷೆ ಬರೆದವರಲ್ಲಿ ಅರ್ಧದಷ್ಟು ಮಂದಿ ಅಷ್ಟೇ ಅಥವಾ ಅದಕ್ಕಿಂತ ಕಡಿಮೆ ಅಂಕ ಪಡೆದಿದ್ದಾರೆ ಎಂದರ್ಥ. ಪತ್ರಿಕೆ ಕಠಿಣವಾದ ವರ್ಷ ಕಡಿಮೆ ಅಂಕಕ್ಕೂ ಈ ಸ್ಥಾನ ದಕ್ಕುತ್ತದೆ. ಎಐಎಪಿಜಿಇಟಿಯಲ್ಲಿ ಸಾಮಾನ್ಯ ವರ್ಗಕ್ಕೆ 50, ಪರಿಶಿಷ್ಟರಿಗೂ ಹಿಂದುಳಿದ ವರ್ಗಗಳಿಗೂ 40ನೇ ಪರ್ಸೆಂಟೈಲ್ ಅರ್ಹತೆಯ ಗೆರೆ. ಈ ಗೆರೆ ಜ್ಞಾನದ ಅಳತೆಯಲ್ಲ, ಸರದಿಯಲ್ಲಿ ಎಲ್ಲಿಯವರೆಗೆ ಕರೆಯಬೇಕೆಂಬ ಆಡಳಿತದ ತೀರ್ಮಾನ. ಅಲೋಪತಿಯ ನೀಟ್-ಪಿಜಿಯಲ್ಲಿ 2023ರಲ್ಲಿ ಸೀಟು ಖಾಲಿ ಉಳಿಯದಿರಲೆಂದು ಅರ್ಹತೆಯ ಗೆರೆಯನ್ನು ಸೊನ್ನೆ ಪರ್ಸೆಂಟೈಲಿಗೇ ಇಳಿಸಿದರು; ಋಣಾಂಕ ಬಂದವರೂ ಅರ್ಹರಾದರು.

ಅರ್ಹತೆ ಸಿಕ್ಕಿತೆಂದರೆ ಸೀಟು ಸಿಕ್ಕಿದಂತಲ್ಲ. ಆಯುರ್ವೇದ ಸೀಟುಗಳಲ್ಲಿ ಶೇ. 15 ಅಖಿಲ ಭಾರತ ಕೋಟಾ. ರಾಜ್ಯದ ಪಾಲನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ರ‍್ಯಾಂಕ್ ಮತ್ತು ಮೀಸಲಾತಿಯಂತೆ ಹಂಚುತ್ತದೆ. ಹೀಗಾಗಿ ಕೊಪ್ಪದಲ್ಲೇ ಓದು ಮುಂದುವರಿಸಬೇಕೆನ್ನುವ ಬಿಎಎಂಎಸ್ (ಆಯುರ್ವೇದ) ಪದವೀಧರೆ ತನ್ನ ಪರ್ಸೆಂಟೈಲನ್ನಷ್ಟೇ ನೋಡಿ ಕೂರುವ ಬದಲು, ಹಿಂದಿನ ವರ್ಷ ತನ್ನ ವರ್ಗದಲ್ಲಿ, ಬೇಕಾದ ವಿಭಾಗದಲ್ಲಿ, ಹಂಚಿಕೆಯ ಕೊನೆಯ ಸುತ್ತಿನಲ್ಲಿ ಸೀಟು ಸಿಕ್ಕ ಕೊನೆಯ ರ‍್ಯಾಂಕನ್ನು ನೋಡಬೇಕು.